ಕೂಸಿನ ಕಾಲೇಜಿನ ವಿಚಾರ

ಕಾರವಾರ, ಭಾನುವಾರ ಮಧ್ಯಾಹ್ನ

ಪ್ರೀತಿಯ ದೋಸ್ತ,

ನಿನ್ನೆ ನೀನು ಫೋನಿನಲ್ಲಿ ಹೇಳಿದ್ದರಲ್ಲಿ ಅರ್ಧ ನನಗೆ ಕೇಳಿಸಲೇ ಇಲ್ಲ. ನಿಮ್ಮೂರಲ್ಲಿ ಇನ್ನೂ ಹಲಸಿನ ಮರದ ಬುಡಕ್ಕೆ ಹೋದರೇ ಸಿಗ್ನಲ್ಲು, ಅಲ್ವಾ? ನಿಮ್ಮನೆ ಹುಡುಗಿಗೆ, ಅದೇ ನಮ್ಮ ಕೂಸಿಗೆ, ಜರ್ನಲಿಸಂ ಓದಬೇಕಂತೆ, ಅಪ್ಪಯ್ಯನಿಗೆ ಬಿ.ಕಾಂ. ಆಗಬೇಕಂತೆ, ಯಾವ ಕಾಲೇಜು ಅಂತ ನಾನು ಹೇಳಬೇಕಂತೆ. ಇಷ್ಟು ತಿಳಿಯಿತು. ಪಿಯುಸಿ ರಿಸಲ್ಟ್ ಬಂದಮೇಲೆ ಸುಮಾರು ಮನೆಗಳಲ್ಲಿ ಇದೇ ಜಗಳ. ಹಾಗಾಗಿ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ಮೊದಲು ನನ್ನ ಕಥೆ. ನಾನು ಜರ್ನಲಿಸಂ ಓದಲು ಕಾಲೇಜು ಆರಿಸಿದ್ದು ಜಾಹೀರಾತು ನೋಡಿ. ಸೇರಿದ ದಿನ ಸ್ಟುಡಿಯೋ ತೋರಿಸಿದರು. ಹಸಿರು ಪರದೆ, ಮೂರು ಕ್ಯಾಮೆರಾ, ಎಸಿ. ಆಮೇಲೆ ಅದರ ಬೀಗ ತೆಗೆದದ್ದು ಕಾಲೇಜುಗಳಿಗೆ ಗ್ರೇಡು ಕೊಡುವ ನ್ಯಾಕ್ ತಂಡ ಬಂದಾಗ ಮಾತ್ರ. ಮೂರು ವರ್ಷದಲ್ಲಿ ನಾವು ತಂದ ಪತ್ರಿಕೆ ಎಷ್ಟು ಗೊತ್ತಾ? ಒಂದು. ಅದರ ಮುಖಪುಟದ ತುಂಬ ಪ್ರಿನ್ಸಿಪಾಲರ ಸಂದೇಶ. ಕಾಲೇಜಿನ ಹೆಸರು ಬೇಡ ಬಿಡು.

ಅದಕ್ಕೇ ಹೇಳುತ್ತೇನೆ, ಯಾವ ಕಾಲೇಜಿಗೆ ಹೋದರೂ ಮಕ್ಕಳು ತರುವ ಪತ್ರಿಕೆಯ ಹೋದ ವರ್ಷದ ಸಂಚಿಕೆಗಳನ್ನೆಲ್ಲ ಕೇಳು. ಲ್ಯಾಬ್ ಜರ್ನಲ್ ಅಂತಾರೆ ಅದಕ್ಕೆ. 'ನಾಳೆ ಹುಡುಕಿ ಕೊಡ್ತೇವೆ' ಅಂದರೆ ಅಲ್ಲೇ ಎದ್ದು ಬಾ. ಕೊಟ್ಟರೆ ಕೂತು ಓದು. ವಾರ್ಷಿಕೋತ್ಸವ, ಅತಿಥಿ ಭಾಷಣಗಳೇ ತುಂಬಿದ್ದರೆ ಮಕ್ಕಳು ಗೇಟು ದಾಟಿಲ್ಲ. ಸಂತೆ, ಬಸ್ ಸ್ಟ್ಯಾಂಡು, ಗ್ರಾಮಸಭೆ ಇದ್ದರೆ ಯಾರೋ ಒಬ್ಬ ಮೇಷ್ಟ್ರು ಬೆನ್ನು ಹತ್ತಿ ಬರೆಸಿದ್ದಾರೆ. ಅಂಥವರು ಒಬ್ಬರಿದ್ದರೂ ಸಾಕು. ಆದರೆ ಅವರು ಕಾಯಂ ಉಪನ್ಯಾಸಕರಾ, ಅತಿಥಿ ಉಪನ್ಯಾಸಕರಾ ಅದನ್ನೂ ವಿಚಾರಿಸು. ಮುಂದಿನ ವರ್ಷ ಅವರು ಅಲ್ಲಿರಬೇಕಲ್ಲ. ಇನ್ನು ನ್ಯಾಕ್ ಗ್ರೇಡು ಇಡೀ ಕಾಲೇಜಿಗೆ ಕೊಡುವುದು. ಜರ್ನಲಿಸಂ ವಿಭಾಗ ಹೇಗಿದೆ ಅಂತ ಅದು ಹೇಳುವುದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಡಿಗ್ರಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ, ಅದು ನಿನಗೂ ಗೊತ್ತು. ನಾಲ್ಕು ವರ್ಷದ ಡಿಗ್ರಿ ಅಂತ 2021ರಲ್ಲಿ ಶುರು ಮಾಡಿದ್ದನ್ನು ರಾಜ್ಯ ಸರ್ಕಾರ 2024ರಲ್ಲಿ ಕೈಬಿಟ್ಟಿತು. ಈಗ ಮತ್ತೆ ಮೂರೇ ವರ್ಷ. ಇಂಥ ಬಿ.ಎ.ಯಲ್ಲಿ ಜರ್ನಲಿಸಂ ಒಂದು ವಿಷಯ, ಜೊತೆಗೆ ಬೇರೆ ಎರಡು. 'ಪೂರ್ತಿ ಜರ್ನಲಿಸಂ ಅಲ್ಲ' ಅಂತ ಕೆಲವರು ಮೂಗು ಮುರಿಯುತ್ತಾರೆ. ನನಗೆ ಇದೇ ಒಳ್ಳೆಯದು ಅನಿಸುತ್ತದೆ. ಸುದ್ದಿಗೆ ತಲೆಬರಹ ಕೊಡುವುದನ್ನು ಆರು ತಿಂಗಳಲ್ಲಿ ಕಲಿಯಬಹುದು. ಬೇಡ್ತಿ-ವರದಾ ನದಿ ಜೋಡಣೆಯ ವರದಿ, ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯ ಖರ್ಚಿನ ಲೆಕ್ಕ ಓದಿ ಅರ್ಥ ಮಾಡಿಕೊಳ್ಳಲು ಅರ್ಥಶಾಸ್ತ್ರ ಬೇಕು. ನಿಮ್ಮ ಶಿರಸಿ ಅಂದರೆ ಸಹಕಾರಿ ಸೊಸೈಟಿಗಳ ಊರು. ಸೊಸೈಟಿಯ ವಾರ್ಷಿಕ ವರದಿ ಓದಿ ಪ್ರಶ್ನೆ ಕೇಳುವ ವರದಿಗಾರರು ಎಷ್ಟು ಜನ ಇದ್ದಾರೆ ಹೇಳು? ಕೂಸು ಪಿಯುಸಿಯಲ್ಲಿ ಕಾಮರ್ಸ್ ಓದಿದ್ದು ಸುಮ್ನೆ ಹೋಗಬಾರದು. ಅಪ್ಪಯ್ಯನಿಗೂ ಹೀಗೇ ಹೇಳು, ಅರ್ಧ ಸಮಾಧಾನ ಆಗಬಹುದು.

ಇದನ್ನು ಬರೆಯುವಾಗ ಶಿರೂರು ನೆನಪಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತಲ್ಲ. ಕೇರಳದ ಲಾರಿ ಚಾಲಕನೊಬ್ಬ ಸಿಕ್ಕಿಕೊಂಡಿದ್ದ. ಮಲಯಾಳಂ ಚಾನೆಲ್ಲಿನವರು ಸಾಲುಗಟ್ಟಿ ಬಂದರು. ಎರಡು ತಿಂಗಳಾದಮೇಲೆ, ಸೆಪ್ಟೆಂಬರ್ 25ಕ್ಕೆ, ಆ ಲಾರಿ ಗಂಗಾವಳಿ ನದಿಯಿಂದ ಮೇಲೆ ಬಂತು. ನಮ್ಮ ಕ್ಯಾಮೆರಾಗಳೂ ಹೆದ್ದಾರಿ ಬದಿಗೇ ನಿಂತಿದ್ದವು. ಮಣ್ಣು ನದಿಗೆ ಬಿದ್ದ ಹೊಡೆತಕ್ಕೆ ನೀರು ಎದ್ದು ಎದುರು ದಡದ ಉಳುವರೆಯಲ್ಲಿ ಮನೆಗಳು ಹೋಗಿದ್ದವು. ಅಲ್ಲಿಗೆ ಹೋದವರು ಕಡಿಮೆ. ಆಗ ನನ್ನ ಜೊತೆ ಇಂಟರ್ನ್‌ಶಿಪ್‌ಗೆ ಅಂತ ಒಬ್ಬಳು ಹುಡುಗಿ ಇದ್ದಳು. ಡಿಗ್ರಿ ಎರಡನೇ ವರ್ಷ, ಸಣ್ಣ ಸರ್ಕಾರಿ ಕಾಲೇಜು, ಸ್ಟುಡಿಯೋ ಗೀಡಿಯೋ ಏನೂ ಇಲ್ಲ. 'ಸಾರ್, ಆಚೆ ದಡಕ್ಕೆ ಹೋಗೋಣ' ಅಂದವಳು ಅವಳೇ. ಹೋದಮೇಲೆ ಮೈಕು ಹಿಡಿಯಲಿಲ್ಲ. ಒಬ್ಬ ಅಜ್ಜಿಯ ಪಕ್ಕ ಸುಮ್ಮನೆ ಕೂತಳು. ಸುಮಾರು ಹೊತ್ತಾದಮೇಲೆ ಅಜ್ಜಿ ತಾನಾಗಿಯೇ ಹೇಳಲು ಶುರು ಮಾಡಿದರು: ಅಡುಗೆಮನೆ ಎಲ್ಲಿತ್ತು, ತೆಂಗಿನಮರ ಎಷ್ಟಿದ್ದವು, ನೀರು ಯಾವ ಕಡೆಯಿಂದ ಬಂತು. ಇದನ್ನು ಎಲ್ಲಿ ಕಲಿತೆ ಅಂತ ವಾಪಸ್ ಬರುವಾಗ ಕೇಳಿದೆ. ಅವರ ಮೇಷ್ಟ್ರು ಪ್ರತಿ ವಾರ ಸಂತೆಗೆ ಕಳಿಸಿ, ಸೋಮವಾರ ಬೆಳಿಗ್ಗೆಗೆ 300 ಪದ ಕೊಡಿ ಅನ್ನುತ್ತಿದ್ದರಂತೆ. ನನಗೆ ಹೊಟ್ಟೆಕಿಚ್ಚಾಯಿತು ಮಾರಾಯಾ.

ಘಟ್ಟದ ಕೆಳಗೆ, ದಕ್ಷಿಣಕ್ಕೆ ಹೋದರೆ ಉಜಿರೆಯ ಎಸ್‌ಡಿಎಂ, ಮೂಡುಬಿದಿರೆಯ ಆಳ್ವಾಸ್ ಇವೆ. ಮಣಿಪಾಲದಲ್ಲಿ 1997ರಿಂದ ಕಮ್ಯುನಿಕೇಷನ್ ಸಂಸ್ಥೆಯೇ ಇದೆ, ಎಲ್ಲ ಇಂಗ್ಲಿಷಿನಲ್ಲಿ. ಫೀ ಕೇಳಿದಮೇಲೆ ರೂಪಾಯಿ ಬಿಟ್ಟು ಚಾಲಿ ಅಡಿಕೆಯ ಕ್ವಿಂಟಲ್ಲಿನಲ್ಲಿ ಲೆಕ್ಕ ಹಾಕು, ಆಗ ತಿಳಿಯುತ್ತದೆ. ಬೆಂಗಳೂರಿನ ದೊಡ್ಡ ಕಾಲೇಜುಗಳಿಗೂ ಇದೇ ಮಾತು. ಹಾಸ್ಟೆಲ್ ಬೇರೆ. ಚಾನೆಲ್ಲುಗಳವರು ನಡೆಸುವ ಡಿಪ್ಲೊಮಾಗಳ ಜಾಹೀರಾತೂ ಬರುತ್ತಿರುತ್ತದೆ. ಅದು ಡಿಗ್ರಿ ಅಲ್ಲ. ವಿಶ್ವವಿದ್ಯಾಲಯ ಅಂತ ಹೇಳಿಕೊಂಡರೆ ಯುಜಿಸಿ ಪಟ್ಟಿಯಲ್ಲಿ ಹೆಸರು ಇದೆಯಾ ನೋಡು.

ನನ್ನನ್ನೇ ಕೇಳಿದರೆ ಧಾರವಾಡ, ಇಲ್ಲಾ ಉಜಿರೆ. ಧಾರವಾಡ ಯಾಕೆಂದರೆ ಪಕ್ಕದಲ್ಲೇ ಹುಬ್ಬಳ್ಳಿ. ಪತ್ರಿಕೆಗಳ ಆಫೀಸು ಅಲ್ಲಿವೆ, ಧಾರವಾಡದಲ್ಲಿ 1950ರಿಂದ ಆಕಾಶವಾಣಿ ಇದೆ. ತರಗತಿ ಮುಗಿಸಿ ಬಸ್ ಹತ್ತಿದರೆ ಸಂಜೆ ಡೆಸ್ಕಿನಲ್ಲಿ ಕೂರಬಹುದು. ಶಿರಸಿಯಿಂದ ಹುಬ್ಬಳ್ಳಿ 100 ಕಿ.ಮೀ. ಆಸುಪಾಸು, ಹಬ್ಬಕ್ಕೆ ಮನೆಗೆ ಬರಲೂ ಸಲೀಸು. ರಜೆಯಲ್ಲಿ ಶಿರಸಿಯ ಲೋಕಧ್ವನಿಯನ್ನೋ ಇಲ್ಲಿಯ ಕರಾವಳಿ ಮುಂಜಾವನ್ನೋ ಕೇಳಿ ನೋಡಬಹುದು. ಸಣ್ಣ ಪತ್ರಿಕೆಯಲ್ಲಿ ಮೊದಲು ಬರೆಸುವುದು ನಿಧನ ವಾರ್ತೆ. ಸತ್ತವರ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಮಾರನೇ ದಿನ ಮನೆಯವರು ಆಫೀಸಿಗೇ ಬರುತ್ತಾರೆ. ಅದಕ್ಕಿಂತ ದೊಡ್ಡ ಪಾಠ ನನಗೆ ಯಾವ ತರಗತಿಯಲ್ಲೂ ಸಿಕ್ಕಿಲ್ಲ.

ಸಂಬಳದ ವಿಷಯ ಅಪ್ಪಯ್ಯ ಕೇಳೇ ಕೇಳುತ್ತಾರೆ. ಸುಳ್ಳು ಹೇಳಬೇಡ. ಶುರುವಿನಲ್ಲಿ ಕಡಿಮೆ. ನನ್ನಂಥ ಸ್ಟ್ರಿಂಗರ್‌ಗಳಿಗೆ, ಅಂದರೆ ಕಾಯಂ ಅಲ್ಲದ ವರದಿಗಾರರಿಗೆ, ಎಷ್ಟೋ ಕಡೆ ಸುದ್ದಿಗೆ ಇಷ್ಟು ಅಂತ ಲೆಕ್ಕ. ಆದರೆ ವಕೀಲರ ಹಾಗೆ ಇದಕ್ಕೆ ಸನ್ನದು ಬೇಡ. ಡಿಗ್ರಿಯಲ್ಲಿ ಜರ್ನಲಿಸಂ ಸಿಗದಿದ್ದರೂ ಆಮೇಲೆ ಎಂ.ಎ. ಮಾಡಬಹುದು. ಚೆನ್ನೈ, ದೆಹಲಿಯ ಸ್ನಾತಕೋತ್ತರ ಕೋರ್ಸುಗಳಿಗೂ ಬೇರೆ ವಿಷಯದ ಡಿಗ್ರಿಯವರು ಹೋಗುತ್ತಾರೆ. ಕೂಸು ಬಿ.ಕಾಂ.ಗೆ ಒಪ್ಪಿದರೂ ಬಾಗಿಲೇನೂ ಮುಚ್ಚುವುದಿಲ್ಲ.

ಅರ್ಜಿ ಹಾಕುವ ಮೊದಲು ಒಂದು ಸಲ ಅವಳನ್ನು ಕರೆದುಕೊಂಡು ಕಾರವಾರಕ್ಕೆ ಬಾ. ಬರುವಾಗ 300 ಪದ ಬರೆದು ತರಲಿ. ನಿಮ್ಮೂರಿಗೆ ಇನ್ನೂ ಟವರ್ ಯಾಕೆ ಬಂದಿಲ್ಲ ಅಂತ. ನಿನ್ನನ್ನು ಕೇಳಿ ಬರೆಯಬಾರದು, ಪಂಚಾಯ್ತಿಗೆ ಹೋಗಿ ಕೇಳಿ ಬರೆಯಬೇಕು. ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಬಾಟಲಿ ತರುವುದನ್ನು ಮಾತ್ರ ನೀನು ಮರೆಯಬೇಡ.

ಇತಿ,
ನಿನ್ನ ಕಾರವಾರದ ದೋಸ್ತ