ಆ ಫ್ರಾಕನ್ನು ಎಸೆಯಬೇಡ

ಶಿಡ್ಲಘಟ್ಟ
ಭಾನುವಾರ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಫ್ರಾಕಿನ ಫೋಟೋ ನೋಡಿದೆ. ಮಗುವಿನ ತಲೆಯೇ ತೂರುತ್ತಿಲ್ಲ, ತೋಳು ತಿರುಚಿಕೊಂಡಿದೆ, ಒಳಗಡೆ ದಾರವೆಲ್ಲ ಸಿಕ್ಕುಸಿಕ್ಕು ಅಂತ ಬರೆದಿದ್ದೀಯ. ‘ನನ್ನ ಕೈಲಾಗಲ್ಲಮ್ಮ, ಇನ್ಮೇಲೆ ಟೈಲರಿಗೇ ಕೊಡ್ತೀನಿ’ ಅಂತಲೂ ಸೇರಿಸಿದ್ದೀಯ. ಫೋನಿನಲ್ಲಿ ಹೇಳೋಣ ಅಂದರೆ ನಿಮ್ಮನೆ ಕುಕ್ಕರು ಕೂಗುತ್ತದೆ, ಮಗು ಕರೆಯುತ್ತದೆ, ಅರ್ಧಕ್ಕೇ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕೈಗೆ ಬಂದ ಮೇಲೆ ತುಮಕೂರಿನಿಂದ ಬೆಂಗಳೂರಿಗೆ ಹೋಗುವಾಗ ರೈಲಿನಲ್ಲಿ ಓದಿಕೋ.

ಆ ಫ್ರಾಕನ್ನು ಎಸೆಯಬೇಡ. ಒರೆಸುವ ಬಟ್ಟೆಗೂ ಹಾಕಬೇಡ. ನಮ್ಮೂರಲ್ಲಿ ರೇಷ್ಮೆಗೂಡಿನಿಂದ ಎಳೆ ತೆಗೆಯುವ ಬಿಚ್ಚಾಣಿಕೆ ಮಾಡುವುದನ್ನು ನೋಡುತ್ತಲೇ ಬೆಳೆದವಳು ನೀನು. ಎಳೆ ತುಂಡಾಯಿತು ಅಂತ ಯಾರಾದರೂ ಗೂಡು ಬಿಸಾಕುತ್ತಾರಾ? ಬಿಸಿನೀರಿನಲ್ಲೇ ಗೂಡಿನ ತುದಿ ಹುಡುಕಿ ಮತ್ತೆ ಸೇರಿಸುತ್ತಾರೆ. ಒಂದು ಗೂಡಿನಲ್ಲಿ ನೂರಾರು ಮೀಟರ್ ಎಳೆ ಇರುತ್ತದೆ. ನಿನ್ನ ಫ್ರಾಕಿನಲ್ಲೂ ತಪ್ಪಿನ ತುದಿ ಹುಡುಕಬೇಕು ಅಷ್ಟೇ. ಹೊಲಿಗೆಯಲ್ಲಿ ತಪ್ಪು ಕಾಣಿಸುವುದು ಒಂದು ಕಡೆ, ಆಗಿರುವುದು ಇನ್ನೊಂದು ಕಡೆ.

ಕತ್ತನ್ನೇ ತಗೋ. ಹೊಲಿದದ್ದು ಚೆನ್ನಾಗಿಯೇ ಇದೆ, ಅಂಚಿಗೆ ಕೊಟ್ಟ ಪೈಪಿಂಗ್ ಪಟ್ಟಿ ಕೂಡ ನೀಟಾಗಿ ಕೂತಿದೆ. ಅಳತೆ ತೆಗೆಯುವಾಗ ನೀನು ಎದೆ, ಭುಜ, ಉದ್ದ ಎಲ್ಲ ನೋಡಿ ತಲೆಯನ್ನು ಬಿಟ್ಟಿದ್ದೀಯ. ಕತ್ತಿನ ಅಗಲ 5 ಇಂಚು, ಮುಂದೆ ಆಳ 3, ಹಿಂದೆ 1 ಅಂದೆ ಅಲ್ವಾ? ಸುತ್ತ ಟೇಪು ಹಿಡಿದರೆ 14 ಇಂಚಿನ ಆಸುಪಾಸು ಬರುತ್ತದೆ. ಆರು ವರ್ಷದ ಮಗುವಿನ ತಲೆಯ ಸುತ್ತಳತೆ ಹೆಚ್ಚುಕಮ್ಮಿ 20 ಇಂಚು. ಹೇಗೆ ತೂರುತ್ತದೆ ಹೇಳು! ಈಗ ಕತ್ತನ್ನು ಕತ್ತರಿಸಿ ದೊಡ್ಡದು ಮಾಡಲು ಹೋಗಬೇಡ, ಭುಜದಿಂದ ಜಾರುತ್ತದೆ. ಹಿಂದುಗಡೆ ನಟ್ಟನಡುವೆ ಕತ್ತಿನಿಂದ ಕೆಳಕ್ಕೆ ನೇರವಾಗಿ 4 ಇಂಚು ಸೀಳು. ಸೀಳಿಗೆ ಎರಡು ಅಂಚು ಇರುವುದರಿಂದ ಸುತ್ತಳತೆಗೆ 8 ಇಂಚು ಸೇರಿ 22 ಆಗುತ್ತದೆ. ತಲೆ ಸಲೀಸಾಗಿ ಹೋಗುತ್ತದೆ. ಉಳಿದ ಬಟ್ಟೆಯಲ್ಲಿ 9 ಇಂಚು ಉದ್ದ, ಒಂದೂವರೆ ಇಂಚು ಅಗಲದ ಪಟ್ಟಿ ತೆಗೆದು ಸೀಳಿನ ಎರಡೂ ಅಂಚಿಗೆ ಒಂದೇ ಪಟ್ಟಿಯಾಗಿ ಸೇರಿಸಿ ಹೊಲಿ. ಸೀಳಿನ ಬುಡದ ಹತ್ತಿರ ಫ್ರಾಕಿನ ಬಟ್ಟೆಯನ್ನು ಸಣ್ಣದಾಗಿ ಹಿಡಿದು ಹೊಲಿ, ಇಲ್ಲದಿದ್ದರೆ ಅಲ್ಲಿ ಸುಕ್ಕು ನಿಲ್ಲುತ್ತದೆ. ಮೇಲೊಂದು ಹುಕ್ಕು ಹಾಕು. ಯಾರೂ ಇದನ್ನು ರಿಪೇರಿ ಅನ್ನುವುದಿಲ್ಲ. ಅಂಗಡಿ ಫ್ರಾಕಿಗೂ ಹಾಗೇ ಇರುತ್ತದೆ.

ತೋಳಿನ ವಿಷಯ ಬೇರೆ. ಬಟ್ಟೆ ಸಾಲದೆ ಉಳಿದ ತುಂಡನ್ನು ಓರೆಯಾಗಿಟ್ಟು ಕತ್ತರಿಸಿದ್ದೀಯ ಅನಿಸುತ್ತದೆ. ಒಂದು ಕರ್ಚೀಫು ತಗೊಂಡು ಉದ್ದಕ್ಕೆ ಎಳೆದು ನೋಡು, ಆಮೇಲೆ ಮೂಲೆಯಿಂದ ಮೂಲೆಗೆ ಎಳೆದು ನೋಡು. ಮೂಲೆಗೆ ಎಳೆದಾಗ ರಬ್ಬರಿನ ಹಾಗೆ ಬರುತ್ತದೆ. ಪೈಪಿಂಗಿಗೆ ಕ್ರಾಸ್ ಪೀಸು, ಅಂದರೆ ಓರೆಯಾಗಿ ಕತ್ತರಿಸಿದ ಪಟ್ಟಿ, ಬೇಕಾಗುವುದು ಅದಕ್ಕೇ. ಆದರೆ ಎರಡು ತೋಳಲ್ಲಿ ಒಂದು ನೇರ, ಒಂದು ಓರೆ ಆದರೆ ಓರೆಯದ್ದು ಜೋತುಬಿದ್ದು ತಿರುಗುತ್ತದೆ. ಅದನ್ನು ಸರಿ ಮಾಡಲು ಆಗುವುದಿಲ್ಲ. ಎರಡೂ ತೋಳು ಬಿಚ್ಚಿಬಿಡು, ತೋಳಿಲ್ಲದ ಫ್ರಾಕೇ ಇರಲಿ. ಬೇಸಿಗೆಗೆ ಒಳ್ಳೆಯದೇ.

ಬಿಚ್ಚುವಾಗ ಎರಡು ಬಟ್ಟೆ ಹಿಡಿದು ಪರ್ರನೆ ಎಳೆಯಬೇಡ ಪುಟ್ಟಿ, ಅಂಚು ಹಿಗ್ಗಿಹೋಗುತ್ತದೆ. ಒಂದು ಬದಿಯಲ್ಲಿ ನಾಲ್ಕೈದು ಹೊಲಿಗೆಗೊಂದರಂತೆ ಬ್ಲೇಡಿನ ತುದಿಯಿಂದ ದಾರ ಕತ್ತರಿಸುತ್ತಾ ಹೋಗು. ಆಮೇಲೆ ತಿರುಗಿಸಿ ಇನ್ನೊಂದು ಬದಿಯ ದಾರ ಎಳೆ. ಇಡೀ ದಾರ ಒಂದೇ ಸಲ ಕೈಗೆ ಬರುತ್ತದೆ. ನನಗಂತೂ ಈ ಕೆಲಸ ಹೊಲಿಯುವುದಕ್ಕಿಂತ ಇಷ್ಟ. ನೀರು ಚಿಮುಕಿಸಿ ಇಸ್ತ್ರಿ ಮಾಡಿದರೆ ಕಾಟನ್ನಿನಲ್ಲಿ ಸೂಜಿ ತೂತು ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ಒಳಗಡೆ ದಾರ ಸಿಕ್ಕಾಗಿರುವುದಕ್ಕೆ ನೀನು ಕೆಳಗಿನ ದಾರ ಇರುವ ಬಾಬಿನ್ ಕೇಸಿನ ಸ್ಕ್ರೂ ತಿರುಗಿಸಿ ಕೂತಿದ್ದೆಯಂತೆ. ಪಾಪ, ಬಾಬಿನ್ನಿನ ತಪ್ಪು ಅಲ್ಲಿ ಏನೂ ಇಲ್ಲ. ಕೆಳಗೆ ದಾರ ಗುಂಜು ಕಟ್ಟಿದರೆ ಮೊದಲು ನೋಡಬೇಕಾದ್ದು ಮೇಲಿನ ದಾರ. ಬಟ್ಟೆಯನ್ನು ಒತ್ತಿಹಿಡಿಯುವ ಮೆಷಿನ್ನಿನ ಕಾಲು ಎತ್ತಿದಾಗ ಮಾತ್ರ ದಾರವನ್ನು ಬಿಗಿಹಿಡಿಯುವ ಟೆನ್ಶನ್ ಬಿಲ್ಲೆಗಳು ಬಾಯಿ ಬಿಡುತ್ತವೆ. ಕಾಲು ಇಳಿದಿರುವಾಗಲೇ ದಾರ ಪೋಣಿಸಿದರೆ ಅದು ಬಿಲ್ಲೆಗಳ ನಡುವೆ ಕೂರುವುದಿಲ್ಲ, ಮೇಲಿಂದ ಸಡಿಲವಾಗಿ ಹರಿದು ಕೆಳಗೆ ಗುಡ್ಡೆಯಾಗುತ್ತದೆ. ಕಾಲು ಎತ್ತಿ ಮತ್ತೆ ಪೋಣಿಸು. ಸೂಜಿಯನ್ನೂ ಬದಲಾಯಿಸು, ತೆಳು ಪಾಪ್ಲಿನ್ನಿಗೆ 14 ನಂಬರ್ ಸಾಕು.

ಇನ್ನು ನಿನ್ನ ಸಮಯದ ಮಾತು. ಬೆಳಗ್ಗೆ ರೈಲು, ಸಂಜೆ ರೈಲು, ಬಂದ ಮೇಲೆ ಅಡುಗೆ, ಮಗುವಿನ ಹೋಂವರ್ಕು. ಎಲ್ಲ ಮುಗಿಸಿ ರಾತ್ರಿ ಹನ್ನೊಂದಕ್ಕೆ ಕತ್ತರಿ ಹಿಡಿಯುತ್ತೀಯ. ಅದೊಂದು ಬೇಡ. ಹೊಲಿದದ್ದನ್ನು ಬಿಚ್ಚಬಹುದು, ಕತ್ತರಿಸಿದ್ದನ್ನು ಕೂಡಿಸಲು ಬರುವುದಿಲ್ಲ. ಕಟಿಂಗ್ ಭಾನುವಾರ ಬೆಳಗ್ಗೆ ಇಟ್ಟುಕೋ. ವಾರದ ದಿನ ಹತ್ತು ನಿಮಿಷ ಸಿಕ್ಕರೆ ಒಂದು ಭುಜ ಹೊಲಿ, ಸಾಕು. ಬಟ್ಟೆ ತಂದ ರಾತ್ರಿಯೇ ಬಕೆಟ್ಟಿನಲ್ಲಿ ನೆನೆಹಾಕು. ಮಗ್ಗದಲ್ಲಿ ಬಿಗಿಯಾಗಿ ಎಳೆದ ನೂಲು ನೀರು ಕಂಡೊಡನೆ ಸಡಿಲವಾಗಿ ಕುಗ್ಗುತ್ತದೆ. ಕಾಟನ್ ಬಟ್ಟೆ ನೂರಕ್ಕೆ ಮೂರರಿಂದ ಐದು ಪಾಲು ಕುಗ್ಗಬಹುದು. ಅಂದರೆ ಎರಡು ಮೀಟರಿನಲ್ಲಿ 10 ಸೆಂಟಿಮೀಟರಿನವರೆಗೂ ಹೋಗಬಹುದು, ನೆನೆಸದೆ ಹೊಲಿದರೆ ಫ್ರಾಕೂ ಅದೇ ಪಾಲಿನಲ್ಲಿ ಗಿಡ್ಡವಾಗುತ್ತದೆ.

ಮತ್ತೊಂದು ಮಾತು. ನ್ಯೂಸ್ ಪೇಪರಿನಲ್ಲಿ ಕತ್ತರಿಸಿದ ಅಳತೆ ಕಾಗದ ಇದೆಯಲ್ಲ, ಅದರ ಮೇಲೇ ಬರೆದಿಡು: ‘ಆರು ವರ್ಷ, ತಲೆ 20, ಕತ್ತು 14, ಹಿಂದೆ ಸೀಳು 4, ತೋಳು ನೇರ ಎಳೆಯಲ್ಲಿ.’ ಮುಂದಿನ ವರ್ಷ ಅಳತೆ ಬದಲಾಗುತ್ತದೆ, ಆದರೆ ಎಲ್ಲಿ ಎಡವಿದೆ ಅನ್ನುವುದು ಸಿಗುತ್ತದೆ. ತಲೆಯಲ್ಲಿ ಇಟ್ಟುಕೊಳ್ಳುತ್ತೇನೆ ಅನ್ನಬೇಡ, ನಿನ್ನ ತಲೆಯಲ್ಲಿ ಈಗಾಗಲೇ ಜಾಗ ಇಲ್ಲ.

ಯುಗಾದಿಗೆ ಮಗುವಿಗೆ ಲಂಗ-ರವಿಕೆ ಹೊಲಿಯಲಿ ಅಂತ ರೇಷ್ಮೆ ತುಂಡೊಂದು ಎತ್ತಿಟ್ಟಿದ್ದೇನೆ. ಇದನ್ನು ಮಾತ್ರ ನೆನೆಹಾಕಬೇಡ, ಬಣ್ಣ ಹೋದೀತು. ರೇಷ್ಮೆಯಲ್ಲಿ ಸೂಜಿ ತೂತು ಹಾಗೇ ಉಳಿಯುತ್ತದೆ, ಬಿಚ್ಚಿ ಹೊಲಿದದ್ದು ಎದ್ದು ಕಾಣುತ್ತದೆ. ಹಾಗಾಗಿ ಮೊದಲು ಹಳೆ ಬೆಡ್‌ಶೀಟಿನಲ್ಲಿ ರವಿಕೆ ಹೊಲಿದು ತೊಡಿಸಿ ನೋಡು. ತಪ್ಪೆಲ್ಲ ಅದರಲ್ಲೇ ಆಗಲಿ. ಸರಿಬಂದ ಮೇಲೆ ಅದನ್ನೇ ಬಿಚ್ಚಿ ಅಳತೆಗೆ ಇಟ್ಟುಕೊಂಡು ರೇಷ್ಮೆ ಕತ್ತರಿಸು. ಸೂಜಿ ಹೊಸದು, 11 ನಂಬರಿನದು. ಪಿನ್ನು ಚುಚ್ಚುವುದಿದ್ದರೆ ಹೊಲಿಗೆಯ ಆಚೆ, ಒಳಗೆ ಹೋಗುವ ಬಟ್ಟೆಯಲ್ಲಿ ಮಾತ್ರ.

ನಿಮ್ಮಪ್ಪ ಬರುವ ಶನಿವಾರ ಆ ಕಡೆ ಬರುತ್ತಿದ್ದಾರೆ. ರೇಷ್ಮೆ, ಸೂಜಿ ಪ್ಯಾಕೆಟ್ಟು, ಒಂದಿಷ್ಟು ಅವರೆಕಾಳು ಕೊಟ್ಟು ಕಳಿಸುತ್ತೇನೆ. ಅಷ್ಟರಲ್ಲಿ ಆ ಸೀಳು ಮಾಡಿ ಹುಕ್ಕು ಹಾಕಿ, ಮಗುವಿಗೆ ಫ್ರಾಕು ತೊಡಿಸಿ ಫೋಟೋ ಕಳಿಸು. ಒಳಗಿನ ಹೊಲಿಗೆಯದ್ದೂ ಒಂದು ಬೇಕು.

ನಿನ್ನ
ಅಮ್ಮ