ಗೋಪುರ ಆಮೇಲೆ, ಮೊದಲು ಪಾಠ

ಪ್ರೀತಿಯ ಪುಟ್ಟಿ,

ದೊಡ್ಡಪ್ಪನ ಆಶೀರ್ವಾದ. ನೀನು ಫ್ರೆಂಡ್ಸ್ ಜೊತೆ ಸೇರಿ ಬುದ್ಧವಿಹಾರ ಕಟ್ಬೇಕು ಅಂತಿರೋದು ಕೇಳಿ ತುಂಬಾ ಖುಷಿ ಆಯ್ತು ಕಣಮ್ಮ. ಆದ್ರೆ ನೀನು ಕಳಿಸಿದ ಪ್ಲಾನ್ ನೋಡ್ದೆ, ಅದ್ರಲ್ಲಿ ಗೋಪುರ ಎಷ್ಟೆತ್ತರ, ಮೂರ್ತಿ ಎಲ್ಲಿಂದ ತರ್ಸೋದು ಎಲ್ಲಾ ಇದೆ, ಅಲ್ಲಿ ಕೂತು ಯಾರು ಯಾರಿಗೆ ಏನು ಕಲಿಸ್ತಾರೆ ಅನ್ನೋದೇ ಇಲ್ವಲ್ಲ.

ಬೈಲುಕುಪ್ಪೆ ಗೋಲ್ಡನ್ ಟೆಂಪಲ್ ಥರ ಆಗ್ಬೇಕು ಅಂತ ಬರ್ದಿದೀಯ. ಆಗ್ಲಿ, ನಂಗೂ ಆಸೆನೇ. ಆದ್ರೆ ಅದು ಶುರುವಾಗಿದ್ದು ಹೇಗೆ ಅಂತ ತಿಳ್ಕೋ. ಟಿಬೆಟಿನ ಬೌದ್ಧ ಗುರು ಪೆನೋರ್ ರಿಂಪೋಚೆ 1959ರಲ್ಲಿ ಟಿಬೆಟ್ ಬಿಟ್ಟು ಹೊರಟಾಗ ಜೊತೇಲಿ ಸುಮಾರು 300 ಜನ ಇದ್ರು, ಭಾರತ ಮುಟ್ಟಿದ್ದು 30 ಜನ ಅಷ್ಟೇ. ಅಷ್ಟೊಂದು ಜನರನ್ನ ಕಳ್ಕೊಂಡು ಬಂದವರು 1963ರಲ್ಲಿ, ಈಗ ಆ ಗೋಲ್ಡನ್ ಟೆಂಪಲ್ ಇರೋ ನಾಮ್‌ಡ್ರೋಲಿಂಗ್ ಮಠ ಶುರು ಮಾಡಿದಾಗ ಇದ್ದಿದ್ದು ಬಿದಿರಿನ ಒಂದು ಸಣ್ಣ ಗುಡಿ, ಜೊತೆಗೆ ಒಂದಿಷ್ಟು ಭಿಕ್ಷುಗಳು. ಸರ್ಕಾರ ನಿರಾಶ್ರಿತರಿಗೆ ಕೊಟ್ಟ ಜಾಗ ಪೂರ್ತಿ ಕಾಡು, ಮರ ಕಡಿದು ಹೊಲ ಮಾಡ್ಬೇಕು, ಮೇಲಿಂದ ಆನೆ ಕಾಟ. ಗುರುಗಳೇ ಇಟ್ಟಿಗೆ ಮರಳು ಹೊತ್ತು ಗಾರೆ ಕಲಸಿದ್ರು ಪುಟ್ಟಿ. ಇದನ್ನ ನೆನೆಸ್ಕೊಂಡಾಗ್ಲೆಲ್ಲ ನಂಗೆ ಗಂಟಲು ಕಟ್ಟುತ್ತೆ.

ಆಮೇಲೇನೂ ಚಿನ್ನದ ಮೂರ್ತಿಗೆ ಕೈ ಹಾಕ್ಲಿಲ್ಲ ಅವ್ರು. 1978ರಲ್ಲಿ ಶಾಸ್ತ್ರ ಓದಿಸೋ ದೊಡ್ಡ ವಿದ್ಯಾಲಯ, 1993ರಲ್ಲಿ ಭಿಕ್ಷುಣಿಯರಿಗೇ ಬೇರೆ ಮಠ. ನಾವು ಬಾಯ್ಬಿಟ್ಕೊಂಡು ನೋಡ್ತೀವಲ್ಲ, ಆ 60 ಅಡಿ ಬುದ್ಧ, ಅಕ್ಕಪಕ್ಕ ಟಿಬೆಟ್‌ಗೆ ಬೌದ್ಧಧರ್ಮ ಒಯ್ದ ಗುರು ಪದ್ಮಸಂಭವ, ದೀರ್ಘಾಯುಷ್ಯದ ಬುದ್ಧ ಅಮಿತಾಯುಸ್, ಆ ಟೆಂಪಲ್ ಓಪನ್ ಆಗಿದ್ದು 1999ರಲ್ಲಿ, ಅಂದ್ರೆ 36 ವರ್ಷ ಆದ್ಮೇಲೆ! ಆ ಮೂರ್ತಿಗಳು ತಾಮ್ರದ್ದು, ಮೇಲೆ ಚಿನ್ನದ ಲೇಪ, ಒಳಗಡೆ ಧರ್ಮಗ್ರಂಥ ತುಂಬ್ಸಿದಾರೆ. ಮುಂದಿನ ಸಲ ಹೋದಾಗ ಸೆಲ್ಫಿ ತೆಗ್ಯೋಕೆ ಮುಂಚೆ ಅದನ್ನ ಒಂದ್ನಿಮಿಷ ಯೋಚಿಸು.

ಹಾಗಾಗಿ ಸದ್ಯಕ್ಕೆ ಆರ್ಕಿಟೆಕ್ಟ್‌ಗೆ ಅಡ್ವಾನ್ಸ್ ಕೊಡ್ಬೇಡಿ. ಯಾರ್ದಾದ್ರೂ ಮನೆ ಹಾಲ್‌ನಲ್ಲಿ ವಾರಕ್ಕೊಂದಿನ ಕೂತ್ಕೊಳ್ಳಿ, ಸರಿಯಾಗಿ ಓದ್ಕೊಂಡಿರೋ ಭಿಕ್ಷು ಒಬ್ರನ್ನ ಕರ್ಸಿ, ಮಕ್ಕಳನ್ನೂ ಬರೋಕೆ ಹೇಳಿ. ಜನ ಕಮ್ಮಿ ಬಂದ್ರೆ ಬೇಜಾರ್ ಮಾಡ್ಕೋಬೇಡ, ಬಂದವ್ರನ್ನ ಬಿಡ್ಬೇಡ ಅಷ್ಟೇ. ಕಾಣಿಕೆ ದುಡ್ಡು ನಿನ್ನ ಅಕೌಂಟ್‌ಗೆ ಹಾಕಿಸ್ಕೋಬೇಡ, ಟ್ರಸ್ಟ್ ರಿಜಿಸ್ಟರ್ ಮಾಡ್ಸಿ ಅದರ ಹೆಸ್ರಲ್ಲೇ ಅಕೌಂಟ್ ಮಾಡಿ, ಚೆಕ್‌ಗೆ ಇಬ್ರ ಸೈನ್ ಇರ್ಲಿ. ಟ್ರಸ್ಟ್ ಪತ್ರ (ಡೀಡ್) ಡ್ರಾಫ್ಟ್ ಆದ್ಮೇಲೆ ನಂಗೊಂದು ಕಾಪಿ ಕಳ್ಸು, ಓದಿ ಹೇಳ್ತೀನಿ.

ಇಂತಿ,
ನಿನ್ನ ದೊಡ್ಡಪ್ಪ