ಮಗಳಿಗೊಂದು ಪತ್ರ: ಹಂದಿ ರೂಪಾಯಿ

ಪುಟ್ಟಿ,

ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ನಾನು ರೇಗುತ್ತೇನೆ. ಅದಕ್ಕೇ ಈ ಕಾಗದ. ನನ್ನ ಬಲಗಣ್ಣಿಗೆ ಗ್ಲಾಕೋಮಾ. ಹೋದ ದೃಷ್ಟಿ ವಾಪಸ್ ಬರಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳೋಣ ಅಂದರು ಡಾಕ್ಟರು. ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದೇನೆ. ಗಾಬರಿಯಾಗಬೇಡ.

ಹೋದ ತಿಂಗಳು ಒಂದು ವಿಕ್ಟೋರಿಯಾ ರೂಪಾಯಿಯನ್ನು ಎಕ್ಸ್‌ಎಫ್, ಅಂದರೆ ಹೆಚ್ಚೇನೂ ಸವೆಯದ ದರ್ಜೆಯದು, ಅಂತ ನಂಬಿ ಕೊಂಡುತಂದೆ. ಗೆಳೆಯರು ಲೆನ್ಸ್ ಹಿಡಿದು, "ಸ್ವಾಮಿ, ಇದು ತಿಕ್ಕಿದ ಮಾಲು" ಅಂದರು. ನಾಣ್ಯ ಕೂಡಿಡುತ್ತಾ ಬಂದ ಈ ನಲವತ್ತು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಹಾಗಾಗಿ ನಾಣ್ಯದ ಡಬ್ಬ ಇನ್ನು ನಿನ್ನದು. ಚಿಕ್ಕಪ್ಪ ಶನಿವಾರ ಪುಣೆಗೆ ಬರುವಾಗ ತರುತ್ತಾನೆ.

ಮಾರಬೇಕು ಅನ್ನಿಸಿದರೆ ಮಾರು, ಮೋಸ ಹೋಗಬೇಡ. ಮೊದಲು ಎತ್ತರದ ಜಾಗ ನೋಡು, ಸವೆಯಲು ಶುರುವಾಗುವುದೇ ಅಲ್ಲಿ. ಐದನೇ ಜಾರ್ಜ್ ಆದರೆ ಕಿರೀಟ, ಕಿವಿ, ಮೀಸೆ. ಅಲ್ಲಿ ಮಾತ್ರ ಚೂರು ಸವೆದು ಮಿಕ್ಕ ಗೆರೆಗಳೆಲ್ಲ ಇದ್ದರೆ ಎಕ್ಸ್‌ಎಫ್. ಸವೆತ ಬರಿಗಣ್ಣಿಗೇ ಕಂಡರೆ ವಿಎಫ್ ಅಥವಾ ಅದಕ್ಕಿಂತ ಕೆಳಗೆ. ಚಲಾವಣೆಗೇ ಹೋಗದ್ದು ಯುಎನ್‌ಸಿ. ಅದನ್ನು ದೀಪದ ಕೆಳಗೆ ಓರೆಯಾಗಿ ತಿರುಗಿಸಿದರೆ ಬೆಳಕು ಗಾಡಿ ಚಕ್ರದ ಅರಗಳಂತೆ ಸುತ್ತಬೇಕು. ತಿಕ್ಕಿದ್ದು ಸುಮ್ನೆ ಪಾತ್ರೆ ಥರ ಹೊಳೆಯುತ್ತದೆ. ಕೆಲವರು 1ರಿಂದ 70ರವರೆಗಿನ ಅಮೆರಿಕದ ಅಂಕ ಹೇಳಿ ಹೆದರಿಸುತ್ತಾರೆ. 1949ರಲ್ಲಿ ಆ ಲೆಕ್ಕ ಹುಟ್ಟುಹಾಕಿದ ಶೆಲ್ಡನ್ ಇದ್ದಾನಲ್ಲ, ಅವನೇ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಅನ್ನೋ ನಾಣ್ಯ ಸಂಸ್ಥೆಯ ಒಳ್ಳೊಳ್ಳೆ ಸೆಂಟ್ ನಾಣ್ಯಗಳನ್ನು ಎತ್ತಿಕೊಂಡು, ತನ್ನ ಸಾಧಾರಣದವನ್ನು ಅಲ್ಲಿಟ್ಟು ಬಂದಿದ್ದ! ಅಂಕ ಯಾರೇ ಕೊಡಲಿ, ನೀನೇ ಒಮ್ಮೆ ನೋಡು. ಅಂಚಿನಲ್ಲೇ ಹಿಡಿ. ಮೆತ್ತನೆಯ ಪಿವಿಸಿ ಕವರಿಗೆ ಹಾಕಬೇಡ, ಹಸಿರು ಜಿಗುಟು ಹಿಡಿಯುತ್ತದೆ.

ಪಾಠ ಶುರು ಮಾಡಿಬಿಟ್ಟೆ ಅಲ್ವಾ.

ಡಬ್ಬದಲ್ಲಿ ಆ 1911ರ ರೂಪಾಯಿಯೂ ಇದೆ. ರಾಜನ ಎದೆಯ ಮೇಲಿನ ಆನೆಯ ಸೊಂಡಿಲು ಮೋಟಾಗಿ, ಹಂದಿಯಂತೆ ಕಾಣುತ್ತದೆ ಅಂತ ಗಲಾಟೆಯಾಯಿತು. ಸರ್ಕಾರ ಅವನ್ನು ವಾಪಸ್ ಪಡೆದು ಕರಗಿಸಿತು, 1912ರಲ್ಲಿ ಆನೆಯನ್ನು ತಿದ್ದಿತು. ಈ ಕತೆ ನಿನಗೆ ಹೇಳಿದವನೂ ನಾನೇ. ಗೌರಿ ಹಬ್ಬದ ಬೆಳ್ಳಿ ತಿಕ್ಕಲು ಅಮ್ಮ ಇಟ್ಟಿದ್ದ ವಿಭೂತಿಯಲ್ಲಿ ನೀನು ಅದನ್ನು ತಿಕ್ಕಿದೆ. ನಾನು ಹೊಡೆದೆ. ನಿನಗಾಗ ಎಂಟು ವರ್ಷ. ವಿಭೂತಿ ಮೆತ್ತಿದ ಬೆರಳಲ್ಲೇ ಕಣ್ಣೊರೆಸಿಕೊಂಡೆ, ಉರಿ ಹತ್ತಿ ಇನ್ನೂ ಜಾಸ್ತಿ ಅತ್ತೆ. ನಾನು ತಿರುಗಿ ನೋಡಲಿಲ್ಲ. ಎಕ್ಸ್‌ಎಫ್ ಹೋಯಿತಲ್ಲಾ ಅಂತ ಲೆನ್ಸ್ ಹಿಡಿದು ಕೂತಿದ್ದೆ. ಆ ವಿಭೂತಿ ಮೆತ್ತಿದ ಬೆರಳು ಈಗ ದಿನಾ, ಡ್ರಾಪ್ಸ್ ಹಾಕಿಕೊಳ್ಳುವಾಗ, ನೆನಪಾಗುತ್ತದೆ.

ಮೊನ್ನೆ ಡಬ್ಬ ಕಟ್ಟುವಾಗ ಎಡಗಣ್ಣಿನಲ್ಲಿ ಮತ್ತೆ ನೋಡಿದೆ. ನೀನು ಇಡೀ ನಾಣ್ಯ ತಿಕ್ಕಿಯೇ ಇಲ್ಲ. ಬೆರಳ ತುದಿಯಷ್ಟು ಜಾಗ, ಆನೆ ಇರುವ ಕಡೆ ಮಾತ್ರ. ಅಲ್ಲೂ ಮತ್ತೆ ಕಪ್ಪು ಹಿಡಿದಿದೆ, ಆದರೆ ಬಣ್ಣ ಬೇರೆ. ಅದು ಆನೆಯೋ ಹಂದಿಯೋ ನೋಡಬೇಕಿತ್ತು ನಿನಗೆ, ಅಷ್ಟೇ ತಾನೇ? ಯಾಕೆ ತಿಕ್ಕಿದೆ ಅಂತ ನಾನು ಕೇಳಲೇ ಇಲ್ಲ. ಕೇಳಿ, ಲೆನ್ಸ್ ಕೈಗೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ಈಗ ನೀನು ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂರುತ್ತೀಯ ಅಂತ ವಾಕಿಂಗ್ ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ಯಾವ ಮುಖ ಇಟ್ಟುಕೊಂಡೋ.

ಅದರ ಕವರಿನ ಮೇಲೆ "ತಿಕ್ಕಿದ್ದು" ಅಂತ ಆವತ್ತು ಬರೆದಿದ್ದೆ. ಅಳಿಸಿಲ್ಲ. ಕೊಳ್ಳುವವರಿಗೆ ಸುಳ್ಳು ಹೇಳಬಾರದು.

ಲೆನ್ಸೂ ಡಬ್ಬದಲ್ಲೇ ಇಟ್ಟಿದ್ದೇನೆ. ಅಮ್ಮ ಅದೇ ಚೀಲಕ್ಕೆ ಚಟ್ನಿಪುಡಿ ತುರುಕುತ್ತಿದ್ದಾಳೆ, ಬೇಡ ಅಂದರೆ ಕೇಳಲ್ಲ.

ಅಪ್ಪ